ಎರಡನೇ ಸೂಜಿ

ತೊಯ್ದ ಕುರಿಯ ವಾಸನೆ ಎಲ್ಲರ ಮೂಗಿಗೂ ಒಗ್ಗುವಂಥದ್ದಲ್ಲ. ಮೊನ್ನೆ ನಮ್ಮ ಜೀಪಿನ ಡ್ರೈವರ್ ಅದು ಬಂದ ಕೂಡಲೇ ಮೂಗು ಮುರಿದು ಗಾಜು ಏರಿಸಿದ. ನಾನು ನನ್ನ ಕಡೆಯ ಗಾಜನ್ನು ಪೂರ್ತಿ ಇಳಿಸಿ ಮುಖ ಹೊರಗೆ ಹಾಕಿದೆ. ಹಿಂದಿನ ದಿನ ರೋಹಿಣಿ ಮಳೆ ಚೆನ್ನಾಗಿ ಬಿದ್ದಿತ್ತು. ಮುದ್ದೇಬಿಹಾಳದಿಂದ ಹೊರಟ ನಾವು ಹೂವಿನ ಹಿಪ್ಪರಗಿ ದಾಟಿದ್ದೆವಷ್ಟೆ, ಎದುರಿಗೆ ರಸ್ತೆ ತುಂಬ ಕುರಿ. ಹಾರ್ನ್ ಹೊಡೆಯಬೇಡ ಎಂದೆ. ಬಸವನ ಬಾಗೇವಾಡಿಯಲ್ಲಿ ಹತ್ತೂವರೆಗೆ ನನ್ನ ಭಾಷಣ, ಆಗಲೇ ಹತ್ತು ಹೊಡೆದಿತ್ತು. ಅವನು ಕೈಗಡಿಯಾರ ತೋರಿಸಿದ. ತೋರಿಸಲಿ ಬಿಡಿ, ಕುರಿಗೆ ಗಡಿಯಾರ ಓದಲು ಬರುತ್ತದೆಯೇ?

ನನ್ನ ಚೀಲದಲ್ಲಿ ಎರಡು ಹಾಳೆಗಳಿದ್ದವು. ಹೊಸದಾಗಿ ನೌಕರಿಗೆ ಸೇರಿದ ಪಶುವೈದ್ಯರಿಗೆ ‘ಕೆಲಸ ಕಲಿಸಿದ ಪಾಠಗಳು’ ಎಂದು ಅರ್ಧ ಗಂಟೆ ಮಾತಾಡಬೇಕಿತ್ತು. ಹನ್ನೊಂದು ವರ್ಷದ ನೌಕರಿಯನ್ನು ಹಿಂಡಿ ಒಂಬತ್ತು ಪಾಠ ಮಾಡಿ, ನಂಬರು ಹಾಕಿ ಬರೆದುಕೊಂಡಿದ್ದೆ. ನಂಬರು ಹಾಕುವುದು ನನ್ನ ಹುಟ್ಟುಗುಣ. ಮೊದಲನೆಯ ಪಾಠ: ಜನರ ಪದ್ಧತಿ ತಿಳಿದುಕೊಂಡು ಕೆಲಸಕ್ಕೆ ಇಳಿಯಿರಿ. ಅದಕ್ಕೆ ಉದಾಹರಣೆಯಾಗಿ ಈ ಭಾಗದ ಕುರಿಗಾರರ ಒಂದು ಹಳೆಯ ಪದ್ಧತಿಯನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೆ. ಎಷ್ಟೋ ತರಬೇತಿಗಳಲ್ಲಿ ಅದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದವಳು ನಾನು.

ಕುರಿಗಳು ಹತ್ತಿರ ಬಂದವು. ಒಂದೊಂದರ ಹಣೆಯ ಮೇಲೂ ಹಳದಿ ಭಂಡಾರ, ಅಂದರೆ ಅವರ ದೇವರ ಅರಿಶಿಣ. ಅದನ್ನು ಕಂಡಿದ್ದೇ ನಾನು ಜೀಪಿನಿಂದ ಕೆಳಗಿಳಿದೆ. ಹಿಂಡಿನ ಹಿಂದೆ ಯಾರು ಬರುತ್ತಿದ್ದಾರೆ ಎಂದು ನೋಡುವ ಮೊದಲೇ ನನಗೆ ಗೊತ್ತಾಗಿತ್ತು. ಆ ವಾಸನೆ, ಆ ಹಳದಿ, ಕಾಲಿಗೆ ಮೆತ್ತುವ ಆ ಕಪ್ಪು ಎರೆಮಣ್ಣು ಮೂರೂ ಸೇರಿ ನನ್ನನ್ನು ಸೀದಾ ಮೊದಲ ಪೋಸ್ಟಿಂಗಿನ ಆ ಮುಂಗಾರಿಗೆ ಕೊಂಡೊಯ್ದವು.

ನಾನು ಇಂಡಿಯವಳು. ಅಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಪೂಜೆ ಕನ್ನಡದಲ್ಲಿ, ಬೈಗುಳ ಮರಾಠಿಯಲ್ಲಿ. ಎರಡು ಭಾಷೆಯಲ್ಲೂ ನಮ್ಮ ಮನೆಯ ಕುಲಮಂತ್ರ ಒಂದೇ, ‘ಮೋಜೂನ ಘೇ’, ಎಣಿಸಿ ತಗೋ. ಪಂಢರಪುರಕ್ಕೆ ಹೊರಟರೆ ಚೀಲ ಎಣಿಸಬೇಕು, ಹೊಲದಿಂದ ನಿಂಬೆ ಬಂದರೆ ಎಣಿಸಬೇಕು, ತುಳಸಿಗೆ ಸುತ್ತು ಹಾಕುವಾಗಲೂ ಅಪ್ಪನ ತುಟಿ ಅಲುಗುತ್ತಿತ್ತು. ಬೀದರದಲ್ಲಿ ಪಶುವೈದ್ಯ ಓದಿ, ನೌಕರಿಯ ಆದೇಶ ಕೈಗೆ ಬಂದ ದಿನ ಅವರು ಆಶೀರ್ವಾದ ಮಾಡಿ ಹೇಳಿದ್ದೂ ಅದನ್ನೇ. ನನ್ನ ಐದು ಚೀಲಗಳನ್ನು ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಎಣಿಸಿದೆ, ಸಿಂದಗಿಯಲ್ಲಿ ಬಸ್ಸು ಬದಲಿಸುವಾಗ ಎಣಿಸಿದೆ, ಬಾಗೇವಾಡಿಯಲ್ಲಿ ಇಳಿದು ಎಣಿಸಿದೆ. ಐದಕ್ಕೆ ಐದು. ನೌಕರಿ ಮಾಡುವುದೆಂದರೆ ಇಷ್ಟೇ ತಾನೆ ಎಂದುಕೊಂಡೆ.

ಬಾಗೇವಾಡಿಯಲ್ಲಿ ಬಾಡಿಗೆ ಖೋಲಿ, ಹೂವಿನ ಹಿಪ್ಪರಗಿ ಕಡೆಯ ಒಂದು ಸಣ್ಣ ಊರಿನಲ್ಲಿ ದವಾಖಾನೆ. ನನ್ನ ಜೊತೆಗೆ ಇದ್ದದ್ದು ಮೌಲಾಸಾಬ ಒಬ್ಬನೇ. ದವಾಖಾನೆಯ ಅಟೆಂಡರ್. ನಿವೃತ್ತಿಗೆ ಎರಡೇ ವರ್ಷ ಬಾಕಿ, ತೆಳ್ಳಗಿನ ಆಳು, ತಲೆಗೆ ಬಿಳಿ ಟೋಪಿ. ಲಸಿಕೆ ಇಡುವ ತಣ್ಣನೆಯ ಡಬ್ಬಿಯಲ್ಲಿ ತನ್ನ ವೀಳ್ಯದೆಲೆಯನ್ನೂ ಇಡುತ್ತಿದ್ದ. ನಾನು ಬಂದ ಮೊದಲ ದಿನವೇ ಅದಕ್ಕಾಗಿ ಅವನನ್ನು ಬೈದೆ. ಅವನು ತಲೆ ಆಡಿಸಿ ಎಲೆ ತೆಗೆದ. ಮರುದಿನ ಮತ್ತೆ ಅಲ್ಲೇ ಇಟ್ಟ.

ಬೇಸಿಗೆ ಮುಗಿಯುತ್ತ ಬಂದಿತ್ತು. ಗೊಬ್ಬರಕ್ಕೆಂದು ರೈತರು ಹೊಲದಲ್ಲಿ ನಿಲ್ಲಿಸಿಕೊಂಡ ಏಳೆಂಟು ಕುರಿಹಿಂಡುಗಳು ಊರ ಸುತ್ತ ಬೀಡುಬಿಟ್ಟಿದ್ದವು. ಎರೆಹೊಲದಲ್ಲಿ ಕುರಿ ಇರುವುದು ಮಳೆ ಬೀಳುವ ತನಕ ಮಾತ್ರ. ಎರೆ ನೆನೆದರೆ ಗೊರಸಿಗೆ ಮಣ್ಣು ಮೆತ್ತಿ ಕುರಿ ಕುಂಟುತ್ತವೆ. ಹಾಗಾಗಿ ಮೊದಲ ದೊಡ್ಡ ಮಳೆಗೇ ಎಲ್ಲರೂ ಗಂಟು ಕಟ್ಟಿ ಮುದ್ದೇಬಿಹಾಳದ ಕಡೆಯ ಕಲ್ಲುಮಡ್ಡಿಗೆ, ಅಂದರೆ ಕಲ್ಲುನೆಲದ ದಿಬ್ಬಗಳಿಗೆ, ಹೊರಟುಬಿಡುತ್ತಾರೆ. ಅಲ್ಲಿ ಎಳೆಹುಲ್ಲು ಚಿಗುರುತ್ತದೆ. ಆ ಎಳೆಹುಲ್ಲಿನ ಹಿಂದೆಯೇ ಕರುಳುಬೇನೆ ಬರುತ್ತದೆ. ಬಡಕಲು ಮರಿಯನ್ನು ಅದು ಮುಟ್ಟುವುದಿಲ್ಲ. ಚೆನ್ನಾಗಿ ತಿಂದು ದುಂಡಗಾದ, ಹಿಂಡಿಗೇ ಚೆಂದದ ಮರಿಯನ್ನೇ ಆರಿಸಿ ಒಯ್ಯುತ್ತದೆ. ಸಂಜೆ ಜಿಗಿದಾಡಿದ್ದು ಬೆಳಗ್ಗೆ ಏಳುವುದಿಲ್ಲ. ಔಷಧ ಕೊಡಲು ಪುರಸೊತ್ತೇ ಇರದ ರೋಗ ಅದು. ಮಳೆಗೆ ಮೊದಲು ಒಂದು ಸೂಜಿ, ಮೂರು ವಾರದ ಮೇಲೆ ಇನ್ನೊಂದು, ಇಷ್ಟೇ ಅದಕ್ಕೆ ದಾರಿ. ಒಂದೇ ಸೂಜಿ ಮಾಡಿ ಬಿಟ್ಟರೆ ಅರ್ಧ ಛತ್ರಿ ಹಿಡಿದ ಹಾಗೆ.

ಎಲ್ಲಕ್ಕಿಂತ ದೊಡ್ಡ ಹಿಂಡು ಲಕ್ಕವ್ವನದು. ಐವತ್ತರ ಆಸುಪಾಸಿನ ಎತ್ತರದ ಹೆಂಗಸು, ಕೈಗೆ ಬೆಳ್ಳಿಕಡಗ, ಬಾಯಲ್ಲಿ ಸದಾ ತಂಬಾಕು. ಗಂಡ ಮಾಳಪ್ಪ ಮೆತ್ತನೆಯ ಮನುಷ್ಯ, ಮಾತಾಡಬೇಕಾದ ಕಡೆ ನಕ್ಕು ಸುಮ್ಮನಾಗುವವನು. ಹಿಂಡಿನ ಯಜಮಾನಿಕೆ ಯಾರದೆಂದು ನೋಡಿದವರಿಗೆ ತಕ್ಷಣ ತಿಳಿಯುತ್ತಿತ್ತು. ಉಳಿದ ಹಿಂಡಿನವರೂ ಆಕೆ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಮೊದಲು ಅಲ್ಲಿಗೇ ಹೋಗೋಣ ಎಂದು ಮೌಲಾಸಾಬನೇ ಹೇಳಿದ್ದ.

ಬೆಳಗಿನ ಏಳು ಗಂಟೆ. ಮಾಳಪ್ಪ ದೊಡ್ಡಿಯ ಬಲೆ ಸರಿಸಿ ಕುರಿ ಹೊರಗೆ ಬಿಡುತ್ತಿದ್ದ. ನನ್ನ ಕೈಯಲ್ಲಿ ಇಲಾಖೆಯ ಫಾರ್ಮು. ಅದರ ಮೂರನೇ ಕಾಲಮಿನಲ್ಲಿ ಕುರಿಗಳ ಸಂಖ್ಯೆ ತುಂಬಬೇಕು. ಇದಕ್ಕಿಂತ ಒಳ್ಳೆಯ ಹೊತ್ತು ಸಿಕ್ಕೀತೇ? ಬಲೆಯ ಬಾಯಿಗೆ ನಿಂತು, ಬೆರಳು ಚಾಚಿ, ಅಪ್ಪನ ಮಗಳಾಗಿ ಗಟ್ಟಿಯಾಗಿ ಎಣಿಸತೊಡಗಿದೆ. ಮೌಲಾಸಾಬ ಕೆಮ್ಮಿದ. ಬೀಡಿ ಕೆಮ್ಮು ಎಂದುಕೊಂಡೆ. ನೂರು ದಾಟಿದಾಗ ಇನ್ನೊಮ್ಮೆ ಕೆಮ್ಮಿದ. ಇವನಿಗೆ ಎದೆಯ ಫೋಟೋ ತೆಗೆಸಬೇಕು ಎಂದು ಮನಸ್ಸಿನಲ್ಲೇ ಬರೆದಿಟ್ಟುಕೊಂಡು ಎಣಿಕೆ ಮುಗಿಸಿದೆ. “ಇನ್ನೂರ ಹದಿನಾರು” ಎಂದು, ಪರೀಕ್ಷೆಯ ಫಲಿತಾಂಶ ಹೇಳುವವರ ಹಾಗೆ ಎಲ್ಲರಿಗೂ ಕೇಳಿಸುವಂತೆ ಹೇಳಿದೆ.

ಲಕ್ಕವ್ವ ಕಂಕುಳಲ್ಲಿ ಎಳೆಮರಿ ಇಟ್ಟುಕೊಂಡು ನಿಂತಿದ್ದಳು. ಮುಖ ಕಲ್ಲಾಗಿತ್ತು.

“ಸೂಜಿ ಮಾಡಾಕ ಬಂದೀರೋ, ಎಣಸಾಕ ಬಂದೀರೋ?”

“ಎರಡಕ್ಕೂ” ಎಂದೆ, ನಗುತ್ತಲೇ.

“ಹಂಗಾರ ಒಂದು ಮುಗೀತಲ್ಲ. ನಡೀರಿ ಇನ್ನ.”

ಅಷ್ಟು ಹೇಳಿ ಆಕೆ ಹಿಂಡು ಹೊಡೆದುಕೊಂಡು ಹೊರಟೇಹೋದಳು. ಡಬ್ಬಿಯಲ್ಲಿ ಮಂಜುಗಡ್ಡೆ ಕರಗುತ್ತಿತ್ತು. ನಾನು ಫಾರ್ಮು ಹಿಡಿದು ಖಾಲಿ ದೊಡ್ಡಿಯ ಮುಂದೆ ನಿಂತಿದ್ದೆ. ಹಿಂದಿರುಗುವ ದಾರಿಯಲ್ಲಿ ಮೌಲಾಸಾಬ ನಿಧಾನವಾಗಿ ಹೇಳಿದ. ಕುರಿಗಾರರು ಕುರಿಯನ್ನು ಬಾಯಿಬಿಟ್ಟು ಎಣಿಸುವುದಿಲ್ಲ, ಯಾರಾದರೂ ಎಣಿಸಿದರೆ ದೃಷ್ಟಿ ಆಗುತ್ತದೆ ಎನ್ನುತ್ತಾರೆ. ಪರವೂರಿನವರು ಎಣಿಸಿದರಂತೂ ಮುಗಿಯಿತು. ಅದನ್ನು ಮೊದಲೇ ಬಾಯಿಬಿಟ್ಟು ಹೇಳಲಿಕ್ಕೆ ನಿನಗೇನು ಧಾಡಿಯಾಗಿತ್ತು ಎಂದು ರೇಗಿದೆ.

“ಕೆಮ್ಮಿದ್ನೆಲ್ರಿ,” ಎಂದ ಅವನು. “ಎರಡ ಸಲ ಕೆಮ್ಮಿದೆ.”

ಇಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಆದರೆ ಮೂರನೇ ದಿನ ಲಕ್ಕವ್ವನ ಹಿಂಡಿನಲ್ಲಿ ಒಂದು ಟಗರುಮರಿ ಸತ್ತಿತು. ಬೋರಿನ ನೀರು ಹರಿದು ಹಸಿರಾಗಿದ್ದ ಬದುವಿನಲ್ಲಿ ಹೊಟ್ಟೆ ಬಿರಿಯೆ ಮೇದಿತ್ತಂತೆ, ಬೆಳಗ್ಗೆ ಕಾಲು ಸೆಟೆದು ಬಿದ್ದಿತ್ತಂತೆ. ಕೇಳಿದ ಕೂಡಲೇ ನನಗೆ ಅದು ಕರುಳುಬೇನೆ ಎಂದು ಗೊತ್ತಾಯಿತು. ಊರಿಗೆ ಮಾತ್ರ ಬೇರೆಯೇ ಗೊತ್ತಾಯಿತು: ಡಾಕ್ಟರಬಾಯಿ ಎಣಿಸಿದಳು, ಮರಿ ಸತ್ತಿತು. ಮರುದಿನ ಬೇರೆ ಹಿಂಡಿನ ಕಡೆ ಹೋದರೆ ನಮ್ಮ ಗಾಡಿಯ ಸಪ್ಪಳ ಕೇಳಿಯೇ ಅವರು ಕುರಿ ತಿರುವಿಕೊಂಡರು. ಅದರಾಚೆಯವರೂ ಹಾಗೇ ಮಾಡಿದರು. ಫ್ರಿಜ್ಜಿನಲ್ಲಿ ಲಸಿಕೆ, ಆಗಾಗ ಕರೆಂಟಿಲ್ಲ. ಸೋಡಾ ಅಂಗಡಿಯಿಂದ ಮಂಜುಗಡ್ಡೆ ತಂದು ಅದನ್ನು ಕಾಯುತ್ತಿದ್ದೆ. ಎಷ್ಟು ಕುರಿಗೆ ಆಯಿತು ಎಂದು ಮೇಲಿನವರು ದಿನಾ ಫೋನು ಮಾಡುತ್ತಿದ್ದರು. ಒಂದಕ್ಕೂ ಇಲ್ಲ ಎಂದು ಹೇಳಬೇಕಾಗುತ್ತಿತ್ತು. ಪಡುವಣದಲ್ಲಿ ಮೋಡ ಕೂಡತೊಡಗಿತ್ತು. ಮಳೆ ಬಿದ್ದರೆ ಹಿಂಡುಗಳು ಹೋದವು, ಎಳೆಹುಲ್ಲಿಗೆ ಬಾಯಿ ಹಾಕಿದವು, ಒಳ್ಳೊಳ್ಳೆಯ ಮರಿಗಳೆಲ್ಲ ಸಾಲಾಗಿ ಮಲಗಿದವು ಎಂದೇ ಲೆಕ್ಕ.

ಒಂದು ಮಧ್ಯಾಹ್ನ ಮೌಲಾಸಾಬನ ಮುಂದೆ ಕೂಗಾಡಿದೆ. ಸೂಜಿ ಬೇಡ ಅನ್ನುತ್ತಾರೆ, ದೃಷ್ಟಿ ಅನ್ನುತ್ತಾರೆ, ಇಂಥವರಿಗೆ ಹೇಗೆ ತಿಳಿಸಿ ಹೇಳುವುದು, ನಾನು ಐದು ವರ್ಷ ಓದಿದ್ದು ಇದಕ್ಕೇನು ಎಂದೆಲ್ಲ. ಅವನು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ.

“ಸೂಜಿ ಚುಚ್ಚೂದು ಬೀದರದಾಗ ಕಲಿಸ್ಯಾರ್ರಿ ನಿಮಗ. ಕುರಿ ಹಿಡಕೊಡೋ ಮಂದಿ ಮನಸ ಹೆಂಗ ಹಿಡೀಬೇಕು ಅನ್ನೂದು ಅಲ್ಲಿ ಯಾರ ಕಲಸ್ತಾರ? ಅದಕ್ಕ ಸಾಲಿ ಇಲ್ಲೇ ಐತಿ. ನಾಳೆ ಮುಂಜಾನೆ ಹೋಗೂಣು ನಡೀರಿ.”

ಹೋದೆವು. ದಾರಿಯುದ್ದಕ್ಕೂ ನಾನು ಸೂಕ್ಷ್ಮಾಣುಗಳ ಬಗ್ಗೆ ಒಂದು ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಲಕ್ಕವ್ವ ಮೂರು ಕಲ್ಲಿನ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನನ್ನ ಭಾಷಣವನ್ನು ಪೂರ್ತಿ ಕೇಳಿದಳು. ನಡುವೆ ಒಂದು ಬಿಸಿರೊಟ್ಟಿಗೆ ಶೇಂಗಾಹಿಂಡಿಯ ಚಟ್ನಿ ಹಾಕಿ ನನ್ನ ಕೈಗಿತ್ತಳು. ನಾನು ತಿನ್ನುತ್ತ ಮಾತಾಡಿದೆ, ಮಾತಾಡುತ್ತ ತಿಂದೆ. ಮುಗಿದ ಮೇಲೆ ಆಕೆ ಕೇಳಿದ್ದು ಒಂದೇ ಪ್ರಶ್ನೆ.

“ಇನ್ನೂರ ಹದಿನಾರು ಎಣಿಸಿದ್ರೆಲ್ಲ. ಸತ್ತದ್ದು ಯಾವುದು, ಹೇಳ್ರಿ ನೋಡೂಣು.”

ನಾನು ಬಾಯಲ್ಲಿದ್ದ ರೊಟ್ಟಿಯನ್ನು ಅಗಿಯುತ್ತಲೇ ಇದ್ದೆ. ಆಕೆಯೇ ಹೇಳಿದಳು. ಬಲಗಿವಿ ಸೀಳಿತ್ತು, ಹುಟ್ಟಿದಾಗ ನಾಯಿ ಕಚ್ಚಿದ್ದು. ಬೆಲ್ಲದ ವಾಸನೆ ಬಂದರೆ ಎಲ್ಲಿದ್ದರೂ ಓಡಿ ಬರುತ್ತಿತ್ತು. ಅದರ ತಾಯಿ ಅವತ್ತಿನಿಂದ ಆ ಬದುವಿನ ಕಡೆಗೇ ಮುಖ ಮಾಡಿ ಒದರುತ್ತಿದೆ, ಅಗೋ ಅದೇ. ನಾನು ನೋಡಿದೆ. ಕುರಿಯೊಂದು ನಿಜಕ್ಕೂ ಆ ಕಡೆ ಮುಖ ಮಾಡಿ ಒದರುತ್ತಿತ್ತು. ಬಂದವರೆಲ್ಲ ಎಣಿಸುತ್ತಾರೆ, ಮುಖ ಯಾರೂ ನೋಡುವುದಿಲ್ಲ ಎಂದಳು ಲಕ್ಕವ್ವ. ಸಿಟ್ಟಿನಿಂದಲ್ಲ, ಹವಾಮಾನ ಹೇಳುವವರ ಹಾಗೆ ಹೇಳಿದಳು. ನನಗೆ ನಾಚಿಕೆಯಾಯಿತು. ಹನ್ನೊಂದು ವರ್ಷವಾದರೂ ಆ ನಾಚಿಕೆ ನನಗೆ ಸ್ಪಷ್ಟವಾಗಿ ನೆನಪಿದೆ.

ತಪ್ಪಾಯಿತು, ಇದಕ್ಕೆ ಏನು ಪರಿಹಾರ ಎಂದು ಕೇಳಿದೆ. ಲಕ್ಕವ್ವ ಕೈಯಲ್ಲಿನ ಹಿಟ್ಟು ತಟ್ಟುತ್ತ ಒಮ್ಮೆ ನನ್ನನ್ನು, ಒಮ್ಮೆ ನನ್ನ ಡಬ್ಬಿಯನ್ನು ನೋಡಿದಳು. ಸೂಜಿ ಎಷ್ಟು ಸಲ ಮಾಡಬೇಕು ಎಂದು ಕೇಳಿದಳು. ಎರಡು ಸಲ, ಮೂರು ವಾರದ ಮೇಲೆ ಮತ್ತೆ ಬರುತ್ತೇನೆ ಎಂದೆ. ಹೌದಾ ಎಂದು ಇನ್ನೊಂದು ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಆಮೇಲೆ ಹೇಳಿದಳು.

“ನಮ್ಮ ಹಿರ್ಯಾರದೊಂದು ಪದ್ಧತಿ ಐತ್ರಿ. ಎಣಿಸಿದವರದೊಂದು ಕುರಿ ಹಿಂಡಿನ್ಯಾಗ ಇರಬೇಕು. ತನ್ನ ಕುರಿಗೆ ತನ್ನ ಕಣ್ಣ ತಾಗಂಗಿಲ್ಲ. ನಿಮ್ಮದೊಂದು ಹೆಣ್ಣಮರಿ ತಂದ ಬಿಡ್ರಿ, ಆಮ್ಯಾಲ ಸೂಜಿ ಮಾಡ್ರಿ.”

ಮಾಳಪ್ಪ ಕೆಮ್ಮಿದ. ಈ ಕಡೆ ಧೂಳು ಜಾಸ್ತಿ ಎಂದುಕೊಂಡೆ.

ನಮ್ಮ ವಂಶದಲ್ಲಿ ಯಾರೂ ಕುರಿ ಕೊಂಡವರಿಲ್ಲ. ಸಂತೆಯಲ್ಲಿ ಮೌಲಾಸಾಬ ನನ್ನ ಪರವಾಗಿ ಟವೆಲಿನ ಕೆಳಗೆ ಕೈ ಹಾಕಿ ಬೆರಳು ಹಿಡಿದು ವ್ಯಾಪಾರ ಮಾಡಿದ. ನಾನು ಮುಖ ನೋಡಿ ಆರಿಸಿದೆ. ಕಪ್ಪು ಮೋರೆ, ಎಡಗಿವಿಯ ತುದಿ ಮಾತ್ರ ಬೆಳ್ಳಗೆ, ಕಣ್ಣಲ್ಲಿ ‘ನಿನ್ನಂಥವರನ್ನು ಬಹಳ ನೋಡಿದ್ದೇನೆ’ ಎನ್ನುವ ಸೊಕ್ಕು. ಟೆಂಪೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದೆ. ದಾರಿಯಲ್ಲಿ ಅದು ಮಾಡಬೇಕಾದ್ದನ್ನೆಲ್ಲ ನನ್ನ ಹೊಸ ಚೂಡಿದಾರದ ಮೇಲೆಯೇ ಮಾಡಿತು. ಸಂಜೆ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. “ಆಪಲ್ಯಾ ಘರಾತ ಮೇಂಢೀ?” ನಮ್ಮ ಮನೆಗೆ ಕುರಿಯೇ, ಎಂದರು. ಆಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. ಎಣಿಸಿ ತಗೊಂಡೆಯಾ ಎಂದು ಕೇಳಿದರು. ಎಣಿಸಿದೆ ಅಪ್ಪಾ, ಒಂದೇ, ಎಂದೆ.

ಸೂಜಿ ಮಾಡಿದ ಬೆಳಗು ನನ್ನ ಬದುಕಿನ ಒಳ್ಳೆಯ ಬೆಳಗುಗಳಲ್ಲಿ ಒಂದು. ಮೋಡ ಕವಿದು ತಂಪಾಗಿತ್ತು. ಬಲೆಯನ್ನು ಗಲ್ಲಿಯಂತೆ ಕಟ್ಟಿ ಮಾಳಪ್ಪ ಒಂದೊಂದೇ ಕುರಿ ಹಿಡಿದು ಕೊಡುವುದು, ಮೌಲಾಸಾಬ ಅದನ್ನು ಮಂಡಿಗೆ ಅವುಚಿ ಹಿಡಿಯುವುದು, ನಾನು ತೊಗಲೆತ್ತಿ ಸೂಜಿ ಮಾಡುವುದು. ಆದದ್ದರ ಗುರುತಿಗೆ ಬಣ್ಣ ಹಚ್ಚೋಣ ಎಂದರೆ ಲಕ್ಕವ್ವ ಒಪ್ಪಲಿಲ್ಲ, ಬಣ್ಣ ಯಾಕೆ ಭಂಡಾರ ಇದೆಯಲ್ಲ ಎಂದು ತಾನೇ ಚೀಲ ಹಿಡಿದು ಕೂತಳು. ಮೊದಲ ಸೂಜಿ ನನ್ನ ಮರಿಗೆ. ಆಮೇಲೆ ಬಂದದ್ದು ಬಂದ ಹಾಗೆ. ಲಕ್ಕವ್ವ ಪ್ರತಿ ಕುರಿಯನ್ನೂ ಅದರ ಹೆಸರು ಹಿಡಿದು ಕರೆಯುತ್ತಿದ್ದಳು. ಇದು ಕಳ್ಳಿ, ಇದು ಗೌಡ್ತಿ, ಇದು ಮೂರು ಮದುವೆ ಆದಾಕಿ. ನಾವು ನಕ್ಕು ನಕ್ಕು ಸೂಜಿ ತಪ್ಪುವಂತಾಗುತ್ತಿತ್ತು. ಫಾರ್ಮಿನ ಮೂರನೇ ಕಾಲಮು ನೆನಪಾಗಿ ನಾನು ಮೌಲಾಸಾಬನ ಮುಖ ನೋಡಿದೆ. ಅವನು ತಲೆ ಎತ್ತದೆ ಮೆಲ್ಲಗೆ ಹೇಳಿದ, ಖಾಲಿ ಬಾಟಲಿ ಎಣಿಸಿರಿ, ಕುರಿ ಯಾಕೆ ಎಣಿಸುತ್ತೀರಿ. ಒಂದು ಬಾಟಲಿಗೆ ಇಷ್ಟು ಸೂಜಿ ಎಂದು ಗೊತ್ತೇ ಇದೆ. ಮೂವತ್ತು ವರ್ಷದಿಂದ ಅವನು ಹಾಗೇ ಮಾಡುತ್ತ ಬಂದಿದ್ದನಂತೆ! ಅದನ್ನೂ ಮೊದಲೇ ಹೇಳಬಹುದಿತ್ತಲ್ಲ ಎಂದು ಬಾಯಿಗೆ ಬಂತು, ನುಂಗಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಹಿಂಡೆಲ್ಲ ಹಳದಿ ಹಣೆ ಹೊತ್ತು ಹೊಲದಲ್ಲಿ ಹರಡಿತ್ತು. ದೂರದಿಂದ ನೋಡಿದ ಬೇರೆ ಹಿಂಡಿನವರು ಅಂದೇ ಸಂಜೆ ದವಾಖಾನೆಗೆ ಬಂದು, ನಮ್ಮ ಕಡೆ ಯಾವಾಗ ಬರುತ್ತೀರಿ ಎಂದು ಕೇಳಿದರು. ನಾಲ್ಕು ದಿನದಲ್ಲಿ ಎಲ್ಲರದೂ ಮುಗಿಯಿತು. ಒಂದು ವಾರ ಕಳೆದಿತ್ತೋ ಇಲ್ಲವೋ, ಮಿರಗ, ಅಂದರೆ ಮೃಗಶಿರ ಮಳೆ ಹೊಡೆಯಿತು. ಎಂಥ ಮಳೆ! ಬಿರಿದ ಎರೆ ಗಟಗಟ ಕುಡಿಯುವುದು ಕಿವಿಗೇ ಕೇಳಿಸುವಂತಿತ್ತು. ಮರುದಿನ ಬೆಳಗ್ಗೆ ಹೊಲದಲ್ಲಿ ಒಂದು ಹಿಂಡೂ ಇರಲಿಲ್ಲ, ಒಲೆಯ ಮೂರು ಕಲ್ಲು ಮಾತ್ರ ಇದ್ದವು.

ಈಗ ಒಂದು ನಿಜ ಹೇಳಿಬಿಡುತ್ತೇನೆ. ಎರಡನೇ ಸೂಜಿಗೆ ಹೋಗದಿದ್ದರೂ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಹಿಂಡುಗಳು ತಾಲೂಕು ದಾಟಿದ್ದವು. ‘ವಲಸೆ ಹೋಗಿವೆ’ ಎಂದು ಫಾರ್ಮಿನಲ್ಲಿ ಒಂದು ಸಾಲು ಬರೆದರೆ ಮುಗಿಯಿತು. ಬರೆಯಲು ಪೆನ್ನು ತೆಗೆದದ್ದೂ ಉಂಟು. ಆದರೆ ನನ್ನ ಮರಿ ಅಲ್ಲಿತ್ತು. ಆ ಸೊಕ್ಕಿನ ಕಣ್ಣು, ಆ ಬಿಳಿ ಕಿವಿತುದಿ. ಎಳೆಹುಲ್ಲು ತಿಂದು ದುಂಡಗಾಗಿರುತ್ತದೆ, ಒಂದೇ ಸೂಜಿ ಆಗಿದೆ ಎಂದು ನೆನೆದು ಪೆನ್ನು ಮುಚ್ಚಿಟ್ಟೆ. ಭಾನುವಾರ ನೋಡಿ, ಆ ಕಡೆಯ ಡಾಕ್ಟರಿಗೆ ಫೋನು ಮಾಡಿ ಹೇಳಿ, ಮೌಲಾಸಾಬನ ಬೈಕಿನ ಹಿಂದೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತೆ.

ಕಂಡಕಂಡ ಚಹಾದಂಗಡಿಯಲ್ಲಿ ವಿಚಾರಿಸುತ್ತ ಹೋದೆವು. ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದದ್ದೇ ತಡ, ಬೈಕಿನ ಗಾಲಿಗೆ ಎರೆಮಣ್ಣು ಸುತ್ತಿ ಅದು ತಿರುಗುವುದನ್ನೇ ಬಿಟ್ಟಿತು. ಮೌಲಾಸಾಬ ಕಡ್ಡಿಯಿಂದ ಮಣ್ಣು ಕೆದರುತ್ತ ಗಾಡಿಯ ಹಿರೀಕರನ್ನೆಲ್ಲ ಉರ್ದುವಿನಲ್ಲಿ ನೆನೆದ. ನಾನು ಡಬ್ಬಿ ಹೊತ್ತು ನಡೆದೆ. ಹೆಜ್ಜೆ ಹೆಜ್ಜೆಗೂ ಕಾಲು ಭಾರವಾಗಿ, ಒಂದು ಚಪ್ಪಲಿ ಅಲ್ಲೇ ಹೂತುಹೋಯಿತು, ಇನ್ನೊಂದನ್ನು ನಾನೇ ಎಸೆದೆ. ಬರಿಗಾಲಿನಲ್ಲಿ ಮಡ್ಡಿ ಹತ್ತಿದಾಗ ಕಂಡಿತು ಕುರಿಹಿಂಡು. ಹಸಿರು ಹುಲ್ಲಿನ ಮೇಲೆ ಅಷ್ಟು ದೂರದಿಂದಲೇ ನನ್ನದನ್ನು ಗುರುತಿಸಿದೆ. ಅದು ಒಮ್ಮೆ ತಲೆ ಎತ್ತಿ ನೋಡಿ, ನನ್ನ ಪರಿವೆಯೇ ಇಲ್ಲದೆ ಮೇಯತೊಡಗಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಲಕ್ಕವ್ವ ಕೈ ಹಣೆಗೆ ಅಡ್ಡ ಹಿಡಿದು ನಾನು ಹತ್ತಿ ಬರುವುದನ್ನೇ ನೋಡುತ್ತ ನಿಂತಿದ್ದಳು. ಗಂಡನ ಕಡೆ ತಿರುಗಿ ಹೇಳಿದಳು.

“ನೋಡಿದ್ಯಾ? ಬಂದ್ಲು.”

ಅಂದು ಸುತ್ತಲಿನ ಎಲ್ಲ ಹಿಂಡುಗಳಿಗೂ ಆಕೆಯೇ 'ಬರ್ರಿ, ಎರಡನೇ ಸೂಜಿ ಬಂದೈತಿ' ಎಂದು ಹೇಳಿ ಕಳಿಸಿದಳು. ತಂದ ಲಸಿಕೆಯೆಲ್ಲ ಮುಗಿಯಿತು. ಉಳಿದವರಿಗೆ ಮುಂದಿನ ವಾರ ಮತ್ತೆ ಹೋದೆ. ಹೊರಡುವಾಗ ಲಕ್ಕವ್ವ ಒಂದು ಚಿಟಿಕೆ ಭಂಡಾರ ನನ್ನ ಹಣೆಗೂ ಒತ್ತಿದಳು, ಮೌಲಾಸಾಬನ ಟೋಪಿಗೂ ತಾಗಿಸಿದಳು. ಆ ಮಳೆಗಾಲ ಆ ಹಿಂಡಿನಲ್ಲಿ ಕರುಳುಬೇನೆಗೆ ಒಂದು ಮರಿಯೂ ಹೋಗಲಿಲ್ಲ. ದೀಪಾವಳಿಗೆ ಇಂಡಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ವಿಸ್ತಾರವಾಗಿ ಹೇಳಿದೆ. ಕೇಳಿ ಮುಗಿಸಿ ಅವರು, ಎರಡನೇ ಸಲ ಹೋದೆಯಲ್ಲ, ಅದು ಚಲೋ ಮಾಡಿದೆ ಎಂದರು. ನನ್ನ ಅಪ್ಪ ಬಾಯಿಬಿಟ್ಟು ಹೊಗಳಿದ್ದು ನನಗೆ ನೆನಪಿರುವಂತೆ ಅದೊಂದೇ ಸಲ.

ಆಮೇಲೆ ಸಿಂದಗಿಗೆ ವರ್ಗವಾಯಿತು, ಅಲ್ಲಿಂದ ನಮ್ಮ ಇಂಡಿಗೆ, ಈಗ ಮುದ್ದೇಬಿಹಾಳ. ಸಿಂದಗಿಯಲ್ಲಿ ಎಮ್ಮೆಯ ಮುರಿದ ಕೋಡಿಗೆ ಪಟ್ಟಿ ಕಟ್ಟಿ ಬಂದ ಮನೆಗೆ ಕರೆಯದಿದ್ದರೂ ಮತ್ತೊಮ್ಮೆ ಹೋಗಿ ನೋಡಿದೆ; ಆ ಮನೆಯ ಮುದುಕಿ ಯಾಕೆ ಬಂದಿರಿ, ಏನು ಕೆಟ್ಟಿದೆ ಎಂದು ಗಾಬರಿಯಾದಳು. ಇಂಡಿಯ ನಿಂಬೆತೋಟದವರ ಆಡುಗಳನ್ನು ಮುಖದಿಂದ ಗುರುತಿಸಲು ಕಲಿತೆ. ಎಲ್ಲಿದ್ದರೂ ವರ್ಷಕ್ಕೊಮ್ಮೆ ಲಕ್ಕವ್ವನಿಗೆ ಫೋನು ಮಾಡುತ್ತಿದ್ದೆ. ನನ್ನ ಕುರಿ ಮರಿ ಹಾಕಿತು, ಆ ಮರಿ ಮರಿ ಹಾಕಿತು, ಒಂದನ್ನು ಮಾರಿ ಹೊಸ ಬಲೆ ತಂದೆವು ಎಂದು ಹೇಳುತ್ತಿದ್ದಳು. ಅಪ್ಪ ಮಾತ್ರ ಇವತ್ತಿಗೂ ಬಿಡುವುದಿಲ್ಲ, “ಕಿತೀ ಝಾಲ್ಯಾ?” ಎಷ್ಟಾದವು ಎಂದು ಕೇಳುತ್ತಲೇ ಇರುತ್ತಾರೆ. ಕೇಳಬಾರದು ಅಪ್ಪಾ ಎನ್ನುತ್ತೇನೆ. ಗಣಿತದ ಮಾಸ್ತರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಹೀಗೆ ಮೊನ್ನೆ ರಸ್ತೆಯಲ್ಲಿ, ಹಿಂಡಿನ ನಡುವೆ ಸೀರೆ ಎತ್ತಿ ಹಿಡಿದು ನಿಂತಿದ್ದೆ. ಲಕ್ಕವ್ವನ ಕೂದಲು ಪೂರಾ ಬೆಳ್ಳಗಾಗಿದೆ, ಸೊಂಟದಲ್ಲಿ ಮೊಬೈಲು ಸಿಕ್ಕಿಸಿಕೊಂಡಿದ್ದಳು. ನನ್ನನ್ನು ನೋಡಿ ಆಶ್ಚರ್ಯವನ್ನೇನೂ ತೋರಿಸಲಿಲ್ಲ. ಕೋಲಿನಿಂದ ಹಿಂಡು ತೋರಿಸಿ, ನಿಮ್ಮದು ಗುರುತು ಹಿಡಿಯಿರಿ ನೋಡೋಣ ಎಂದಳು. ನಾನು ನೋಡುತ್ತ ಹೋದೆ. ಎಲ್ಲ ಕಪ್ಪು ಮೋರೆ, ಎಲ್ಲ ಹಳದಿ ಹಣೆ. ಬದುವಿನ ಹತ್ತಿರ ಒಂದು ಕುರಿ ನಿಂತು ನನ್ನನ್ನೇ ನೋಡುತ್ತಿತ್ತು. ಎಡಗಿವಿಯ ತುದಿ ಬೆಳ್ಳಗೆ. ಕಣ್ಣಲ್ಲಿ ಅದೇ ಸೊಕ್ಕು. ಅಗೋ ಎಂದು ಕೈ ಮಾಡಿದೆ. ಲಕ್ಕವ್ವ ತಂಬಾಕು ಉಗುಳಿ, ಅದರ ಮೊಮ್ಮಗಳು ಅದು, ಪಾಸಾದಿರಿ ಎಂದಳು.

ಎಲ್ಲಿಗೆ ಹೊರಟಿರಿ ಎಂದು ಕೇಳಿದಳು. ಹೊಸ ಡಾಕ್ಟರುಗಳಿಗೆ ನಿಮ್ಮ ಹಿರಿಯರ ಪದ್ಧತಿಯನ್ನೇ ಹೇಳಲು ಹೊರಟಿದ್ದೇನೆ ಎಂದು ಹೆಮ್ಮೆಯಿಂದ ಹೇಳಿದೆ.

“ಯಾವ ಪದ್ಧತಿರಿ?”

ಎಣಿಸಿದವರದೊಂದು ಕುರಿ ಹಿಂಡಿನಲ್ಲಿ ಇರಬೇಕು ಎನ್ನುವುದು, ಎಂದೆ. ಲಕ್ಕವ್ವ ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟು ವರ್ಷದಲ್ಲಿ ಆಕೆ ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

“ಅಂಥಾ ಪದ್ಧತಿ ಎಲ್ಲೈತ್ರಿ? ಎಣಸಬಾರದು ಅನ್ನೂದು ಖರೇ. ಉಳಿದದ್ದು ನಾನ ಮಾಡಿದ್ದು, ಆವತ್ತ ರೊಟ್ಟಿ ಬಡಕೋತ. ನಿಮ್ಮಕಿಂತ ಮುಂಚೆ ಬಂದವರೂ ಮತ್ತ ಬರ್ತೇವಿ ಅಂದಿದ್ರು. ಮೊದಲನೇ ಸೂಜಿಗೆ ಎಲ್ಲಾರೂ ಬರ್ತಾರ್ರಿ ಡಾಕ್ಟರಬಾಯಾರ, ಫೋಟೋ ತಕ್ಕೊಂಡು ಹೋಗ್ತಾರ. ಎರಡನೇದಕ್ಕ ಬರವರು ಯಾರು? ಹಿಂಡಿನ್ಯಾಗ ತಮ್ಮದೊಂದು ಕುರಿ ಇದ್ದವರು ಅಷ್ಟ.”

ಹಿಂದೆ ನಿಂತಿದ್ದ ಮಾಳಪ್ಪ ಕೆಮ್ಮಿದ. ಹನ್ನೊಂದು ವರ್ಷದ ಹಿಂದಿನ ಆ ಕೆಮ್ಮು ನನಗೆ ಆಗ ಅರ್ಥವಾಯಿತು. ನಾನೂ ನಗತೊಡಗಿದೆ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಅದರಲ್ಲಿ ನಗೆಯದೆಷ್ಟು, ಬೇರೆಯದೆಷ್ಟು ಎಂದು ನನಗೇ ತಿಳಿಯಲಿಲ್ಲ. ಡ್ರೈವರ್ ಹಾರ್ನ್ ಹೊಡೆದ.

ಸಭಾಭವನ ಮುಟ್ಟಿದಾಗ ಹನ್ನೊಂದು ಗಂಟೆ. ಸೀರೆಯ ಅಂಚಿಗೆ ಮಣ್ಣು, ಮೈಗೆಲ್ಲ ಕುರಿಯ ವಾಸನೆ, ಹಣೆಗೆ ಲಕ್ಕವ್ವ ಒತ್ತಿ ಕಳಿಸಿದ ಭಂಡಾರ. ಹಾಳೆಗಳನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಒಂಬತ್ತು ಪಾಠದ ಬದಲು ಈ ಒಂದು ಕತೆಯನ್ನೇ ಹೇಳಿದೆ, ಲಕ್ಕವ್ವ ರಸ್ತೆಯಲ್ಲಿ ನಕ್ಕ ತನಕ. ಹುಡುಗರು ಬಿದ್ದು ಬಿದ್ದು ನಕ್ಕರು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ಚುರುಕು ಕಣ್ಣು, ಕೈಯಲ್ಲಿ ಗೀಟು ಎಳೆದ ನೋಟುಬುಕ್ಕು, ತೆರೆದಿಟ್ಟ ಪೆನ್ನು. ಈಗ ಆ ಹಿಂಡಿನಲ್ಲಿ ನಿಮ್ಮ ಕುರಿ ಒಟ್ಟು ಎಷ್ಟಾಗಿವೆ ಮೇಡಂ ಎಂದು ಕೇಳಿದಳು.

ನಾನು ಅವಳ ಮುಖ ನೋಡಿದೆ. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಎರಡು ಸಲ ಕೆಮ್ಮಿದೆ.